ಮೀನುಮಾರುಕಟ್ಟೆಯವರೆಗೂ ಬರುತ್ತಿದ್ದ ಫುಟ್‌ಬಾಲ್

ಕೋಲ್ಕತ್ತದ ಹಳೆಯ ಫುಟ್‌ಬಾಲ್ ಅಭಿಮಾನಿಗಳು ಮಾತಿಗೆ ಕೂತರೆ ಗೋಲುಗಳಿಗಿಂತ ಹೆಚ್ಚಾಗಿ ರೇಡಿಯೊ ಕಾಮೆಂಟರಿ, ಗಲ್ಲಿಯ ಚರ್ಚೆ, ಅಡುಗೆಮನೆಯ ಮೀನು ನೆನಪಾಗುತ್ತವೆ. ಇದನ್ನು ಬರೀ ಹಳಹಳಿಕೆ ಎಂದು ತಳ್ಳಿಹಾಕುವುದು ತಪ್ಪು. ಒಂದು ಆಟ ಊರಿನ ದಿನಚರಿಯೊಳಗೆ ಹೇಗೆ ಬೆರೆತಿತ್ತು ಎಂಬುದಕ್ಕೆ ಈ ನೆನಪುಗಳೇ ಸಾಕ್ಷಿ. 1911ರಲ್ಲಿ ಮೋಹನ್ ಬಗಾನ್ ತಂಡ ಬ್ರಿಟಿಷ್ ಸೇನೆಯ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಮಣಿಸಿ ಐಎಫ್‌ಎ ಶೀಲ್ಡ್ ಗೆದ್ದಾಗ, ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಲ್ಲಿದ್ದರು. ಆ ಗೆಲುವು ಆಳುವವರ ಎದುರು ಆಳಿಸಿಕೊಂಡವರ ಸ್ವಾಭಿಮಾನವಾಯಿತು. 1920ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್, ದೇಶವಿಭಜನೆಯ ನಂತರ ನೆಲೆ ಕಳೆದುಕೊಂಡು ಬಂದವರಿಗೆ ತವರಿನ ಗುರುತಾಯಿತು. ಈ ತಂಡ ಗೆದ್ದರೆ ಅಭಿಮಾನಿಗಳ ಮನೆಯಲ್ಲಿ ಹಿಲ್ಸಾ ಮೀನು, ಬಗಾನ್ ಗೆದ್ದರೆ ಸೀಗಡಿ. ಸಿನಿಮಾವೂ ಹಿಂದೆ ಬೀಳಲಿಲ್ಲ: ಉತ್ತಮ್ ಕುಮಾರ್ ನಟಿಸಿದ 1971ರ ‘ಧನ್ಯಿ ಮೇಯೆ’ಯ ಕಥೆ ನಡೆಯುವುದೇ ಫುಟ್‌ಬಾಲ್ ಹುಚ್ಚಿನಿಂದ.

ನೆನಪು ಕಹಿಯನ್ನು ಸೋಸಿಬಿಡುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಇದೇ ಎರಡು ತಂಡಗಳ ಪಂದ್ಯದ ವೇಳೆ ಗಲಭೆಯಾಗಿ 16 ಅಭಿಮಾನಿಗಳು ಸತ್ತರು. ಸುರಕ್ಷಿತ ಆಸನ, ಒಳ್ಳೆಯ ಪ್ರಸಾರ, ಆಟಗಾರರಿಗೆ ತಕ್ಕ ಸಂಬಳ ಇವೆಲ್ಲ ನಿಜವಾದ ಸುಧಾರಣೆಗಳೇ, ಅವನ್ನು ಬಿಟ್ಟುಕೊಡಬೇಕಾಗಿಲ್ಲ. ಆದರೆ ಸುರಕ್ಷತೆ ಬೇಕಾದರೆ ಆಪ್ತತೆ ಹೋಗಲೇಬೇಕು ಎಂಬ ನಿಯಮವೇನೂ ಇಲ್ಲ. ಕೈಗೆಟಕುವ ಟಿಕೆಟ್, ಕೆಲಸ ಮುಗಿಸಿ ಹೋಗಬಹುದಾದ ಹೊತ್ತು, ಊರಿನ ಹುಡುಗರಿಗೆ ತಂಡದಲ್ಲಿ ಜಾಗ: ಹಳೆಯ ಅಭಿಮಾನಿ ಕೇಳುತ್ತಿರುವುದು ಇಷ್ಟೇ. ಕ್ಲಬ್ ನಡೆಸುವವರು ಅವನ ನೆನಪನ್ನು ದೂರಾಗಿ ಅಲ್ಲ, ಸಲಹೆಯಾಗಿ ಕೇಳಿಸಿಕೊಳ್ಳಬೇಕು.