‘ಕರ್ಬ್’, ಕಡಿವಾಣ, ಕಾವಲು: ಚತುರ್ಥಿಯ ಎರಡು ಅರ್ಥ

ಇಂಗ್ಲಿಷಿನ ‘ಕರ್ಬ್’ ಮೂಲತಃ ಕುದುರೆಯ ದವಡೆಯಡಿ ಹಾಯುವ ಪಟ್ಟಿ ಅಥವಾ ಸರಪಳಿ; ಬಾಗಿಸು ಎಂಬರ್ಥದ ಫ್ರೆಂಚ್ ಧಾತುವಿನಿಂದ ಬಂದುದು. ಕನ್ನಡದ ‘ಕಡಿವಾಣ’ವೂ ಕುದುರೆಯ ಬಾಯಿಂದಲೇ ಪತ್ರಿಕಾಭಾಷೆಗೆ ಬಂದಿದೆ. ಅರ್ಥಸಾಮ್ಯ ಸ್ಪಷ್ಟ, ನಾವು ಗಮನಿಸುವುದು ವಿಭಕ್ತಿಯನ್ನು. ‘ಬೆಲೆಗೆ ಕಡಿವಾಣ’ ಎಂಬಲ್ಲಿ ಚತುರ್ಥಿಯು ತಡೆಗೆ ಒಳಗಾಗುವುದನ್ನು ಸೂಚಿಸಿದರೆ, ‘ಬೆಳೆಗೆ ಕಾವಲು’ ಎಂಬಲ್ಲಿ ರಕ್ಷಣೆ ಪಡೆಯುವುದನ್ನು ಸೂಚಿಸುತ್ತದೆ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನ ಹೆಸರಿನಲ್ಲಿ ಆದೇಶಸಂಧಿಯಿಂದ ‘ಗಾವಲು’ ಆಗಿರುವುದು ಈ ಎರಡನೆಯ ಪದವೇ. ಕಾವಲಿನಲ್ಲಿಯೂ ತಡೆಯುಂಟು, ಆದರೆ ದನವನ್ನೋ ಕಳ್ಳನನ್ನೋ ತಡೆಯುತ್ತಿದೆಯೆಂದು ವಾಕ್ಯ ಹೇಳುವುದಿಲ್ಲ. ಹಾಗೆಂದು ಇದನ್ನು ನಿಯಮವಾಗಿಸಲಾಗದು: ‘ಕೈದಿಗೆ ಕಾವಲು’ ಅವನು ಓಡದಂತೆಯೂ ಇರಬಹುದು, ಅವನ ಮೇಲೆ ಯಾರೂ ಕೈಮಾಡದಂತೆಯೂ ಇರಬಹುದು. ಕಡಿವಾಣಕ್ಕೆ ಈ ಎರಡನೆಯ ಅರ್ಥವಿಲ್ಲ. ಆದುದರಿಂದ ‘ಮಾತಿಗೆ ಕಾವಲು’ ಎಂಬುದನ್ನು ‘ಕರ್ಬ್’ ಎಂದು ಇಂಗ್ಲಿಷಿಗೆ ತರುವ ಅನುವಾದಕರು ಮಾತನ್ನು ಕಾಯುವವರನ್ನೂ ಅದನ್ನು ತಡೆಯುವವರೆಂದೇ ತೋರಿಸುತ್ತಾರೆ.