ಏಳು ಕೆರೆಯ ನೀರು ಕುಡಿದವರು

1973ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನಿಕ್ ಸೇಬನ್ ಅವರ ಪದವಿ ಮುಗಿದಿತ್ತು, ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಆಡುವ ಅವಧಿಯೂ ಮುಗಿದಿತ್ತು. ಪತ್ನಿ ಟೆರ್ರಿಯ ಓದು ಮಾತ್ರ ಇನ್ನೂ ಒಂದು ವರ್ಷ ಬಾಕಿ. ಅಲ್ಲಿಯವರೆಗೆ ಊರು ಬಿಡುವಂತಿಲ್ಲ. ತಂಡದ ಮುಖ್ಯ ಕೋಚ್ ಡಾನ್ ಜೇಮ್ಸ್, ಸೇಬನ್ ಅವರನ್ನು ಕರೆದು, ಸ್ನಾತಕೋತ್ತರ ಓದಿಗೆ ಸೇರಿಕೊಂಡು ಜೊತೆಗೆ ತನಗೆ ಸಹಾಯಕನಾಗಿರಲು ಹೇಳಿದರು. ಕೋಚ್ ಆಗಬೇಕೆಂಬ ಆಸೆ ಸೇಬನ್‌ಗೆ ಇರಲಿಲ್ಲ. ಹೇಗೂ ಒಂದು ವರ್ಷ ಇಲ್ಲೇ ಇರಬೇಕಲ್ಲ ಎಂದು ಒಪ್ಪಿಕೊಂಡ ಕೆಲಸ ಅದು.

ಆಮೇಲೆ ಸಿರಕ್ಯೂಸ್, ವೆಸ್ಟ್ ವರ್ಜೀನಿಯ, ಒಹಾಯೊ ಸ್ಟೇಟ್, ನೌಕಾ ಅಕಾಡೆಮಿ, ಮಿಷಿಗನ್ ಸ್ಟೇಟ್, ಕೊನೆಗೆ ವೃತ್ತಿಪರ ತಂಡವಾದ ಹ್ಯೂಸ್ಟನ್ ಆಯ್ಲರ್ಸ್. ಹೀಗೆ ಏಳು ಕೆರೆಯ ನೀರು ಕುಡಿದ ಮೇಲೆ, 1990ರಲ್ಲಿ, ಟೊಲೀಡೊ ವಿಶ್ವವಿದ್ಯಾಲಯ ಅವರನ್ನು ಮುಖ್ಯ ಕೋಚ್ ಮಾಡಿತು. ಒಂದೇ ವರ್ಷಕ್ಕೆ ಅದನ್ನೂ ಬಿಟ್ಟು ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದಲ್ಲಿ ಮತ್ತೆ ಇನ್ನೊಬ್ಬರ ಕೈಕೆಳಗೆ ನಿಂತರು. 2024ರ ಜನವರಿಯಲ್ಲಿ ನಿವೃತ್ತರಾದಾಗ ಅವರ ಹೆಸರಿನಲ್ಲಿ 7 ರಾಷ್ಟ್ರೀಯ ಪ್ರಶಸ್ತಿಗಳಿದ್ದವು: ಲೂಯಿಸಿಯಾನಾ ಸ್ಟೇಟ್‌ನಲ್ಲಿ 1, ಅಲಬಾಮದಲ್ಲಿ 6. ಅಮೆರಿಕದ ಪತ್ರಿಕೆಗಳು ಆ ಪ್ರಶಸ್ತಿಗಳ ಬಗ್ಗೆ ಬರೆದು ದಣಿದಿವೆ. ನನ್ನ ಕುತೂಹಲವಿರುವುದು ಟೊಲೀಡೊಗೂ ಮುಂಚಿನ 17 ವರ್ಷಗಳ ಮೇಲೆ. ವರ್ಷ ಎರಡು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟಿಸುವ ಇಂಥ ಒಂದು ನೌಕರಿ ಹುಟ್ಟಿಕೊಂಡದ್ದಾದರೂ ಹೇಗೆ?

ಈ ಅಮೆರಿಕನ್ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಕೆಡವುವ ಆಟ. ಕಾಲೇಜುಗಳ ನಡುವೆ ಇದು ನಡೆಯುವ ಪ್ರಮಾಣ ನಮ್ಮ ಅಂದಾಜಿಗೆ ಸಿಗುವಂಥದ್ದಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣ ಒಂದರಲ್ಲೇ 1,07,601 ಜನ ಕೂರಬಹುದು. 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ಹುಡುಗರು ಮೊದಲ ಬಾರಿ ಎದುರುಬದುರಾದಾಗ ಕೋಚ್ ಎಂಬ ಪ್ರಾಣಿಯೇ ಇರಲಿಲ್ಲ. ತಂಡದ ನಾಯಕನೇ ಎಲ್ಲ. ಮುಂದೆ ಓದು ಮುಗಿಸಿ ಹೋದ ಹಳೆಯ ವಿದ್ಯಾರ್ಥಿಗಳು ಋತು ಬಂದಾಗ ಕಾಲೇಜಿಗೆ ಬಂದು ಕಿರಿಯರಿಗೆ ಹೇಳಿಕೊಡುವ ರೂಢಿ ಬೆಳೆಯಿತು. ಸಂಬಳವಿಲ್ಲ, ಹುದ್ದೆಯಿಲ್ಲ.

ಅದನ್ನು ಹುದ್ದೆಯಾಗಿಸಿದವರಲ್ಲಿ ಮುಖ್ಯರು ಏಮಸ್ ಅಲೊಂಜೊ ಸ್ಟ್ಯಾಗ್. 1892ರಲ್ಲಿ ಹೊಸದಾಗಿ ಬಾಗಿಲು ತೆರೆದ ಷಿಕಾಗೊ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೈನಿ ಹಾರ್ಪರ್, ಯೇಲ್‌ನಲ್ಲಿ ತಮ್ಮ ಶಿಷ್ಯನಾಗಿದ್ದ ಸ್ಟ್ಯಾಗ್ ಅವರನ್ನು ಪ್ರಾಧ್ಯಾಪಕರ ಸಾಲಿನಲ್ಲೇ ಕೂರಿಸಿ ಕಾಯಂ ನೌಕರಿ ಕೊಟ್ಟರು. ಅಲ್ಲಿ ಅವರು 41 ಋತು ನಡೆಸಿದರು. 70 ತುಂಬಿದ ಮೇಲೆ ವಿಶ್ವವಿದ್ಯಾಲಯ ನಿವೃತ್ತಿಗೊಳಿಸಿದರೆ ಕ್ಯಾಲಿಫೋರ್ನಿಯಾದ ಇನ್ನೊಂದು ಕಾಲೇಜಿಗೆ ಹೋಗಿ ಮತ್ತೆ ಕೋಚ್ ಆದರು. 1947ರಿಂದ, 85ರ ಆಸುಪಾಸಿನಲ್ಲಿ, ಪೆನ್ಸಿಲ್ವೇನಿಯಾದ ಸಸ್ಕ್ವಿಹ್ಯಾನ ಎಂಬ ಪುಟ್ಟ ವಿಶ್ವವಿದ್ಯಾಲಯದಲ್ಲಿ ಸ್ವಂತ ಮಗನಿಗೆ ನೆರವಾಗಿ ನಿಂತರು. ಕಾಯಂ ಕೋಚ್ ಎಂಬ ಹುದ್ದೆಗೆ ಗೌರವ ತಂದುಕೊಟ್ಟ ಹಿರಿಯ ಕೊನೆಗೆ ಸಹಾಯಕರ ಸಾಲಿಗೆ ಬಂದದ್ದನ್ನು ನಾನು ಇಳಿಕೆ ಎಂದು ನೋಡಲಾರೆ.

ಸಹಾಯಕ ಕೋಚ್ ಎಂಬುದು ಆ ಕಾಲದಲ್ಲಿ ಉಪಕಸುಬು. ನೋಟ್ರೆ ಡೇಮ್‌ನ ಕ್ನೂಟ್ ರಾಕ್ನಿ 1914ರಲ್ಲಿ ಪದವಿ ಪಡೆದ ಮೇಲೆ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಸಹಾಯಕರಾಗಿದ್ದುಕೊಂಡೇ ಕೋಚ್ ಜೆಸ್ಸಿ ಹಾರ್ಪರ್ ಅವರ ಕೈಕೆಳಗೆ ತರಬೇತಿ ಕೊಡುತ್ತಿದ್ದರು. 1918ರಲ್ಲಿ ಹಾರ್ಪರ್ ಅವರ ಜಾಗಕ್ಕೆ ಬಂದು ದೇಶವೇ ಬಲ್ಲ ಕೋಚ್ ಆದರು. ಆಗ ಹನ್ನೊಂದು ಹುಡುಗರೇ ಚೆಂಡನ್ನು ಮುಂದೊಯ್ಯಬೇಕು, ಎದುರಾಳಿಯನ್ನು ತಡೆಯಲೂಬೇಕು. ಒಮ್ಮೆ ಹೊರಗೆ ಹೋದವನು ಆಟದ ಆ ಕಾಲುಭಾಗ ಮುಗಿಯುವವರೆಗೆ ಮರಳಿ ಬರುವಂತಿರಲಿಲ್ಲ. ಅಷ್ಟೇ ಹುಡುಗರಿಗೆ ಒಬ್ಬಿಬ್ಬರು ಸಹಾಯಕರು ಧಾರಾಳವಾಗಿ ಸಾಕಾಗುತ್ತಿದ್ದರು.

ಇದನ್ನು ಬದಲಿಸಿದ್ದು ಯಾರದೋ ದೂರದೃಷ್ಟಿಯಲ್ಲ, ಒಂದು ನಿಯಮದ ತಿದ್ದುಪಡಿ. 1941ರಲ್ಲಿ, ಆಟಗಾರರನ್ನು ಬೇಕಾದಾಗ ಬದಲಿಸಬಹುದು ಎಂದಾಯಿತು. 1945ರಲ್ಲಿ ಬಲಾಢ್ಯ ಆರ್ಮಿ ತಂಡದ ಎದುರು ಆಡಬೇಕಾಗಿ ಬಂದಾಗ ಮಿಷಿಗನ್‌ನ ಫ್ರಿಟ್ಜ್ ಕ್ರಿಸ್ಲರ್ ದಾಳಿಗೆ ಒಂದು ಗುಂಪು, ರಕ್ಷಣೆಗೆ ಇನ್ನೊಂದು ಗುಂಪು ಮಾಡಿ ಇಳಿಸಿದರು. ಸೋತರು, ನಿಜ. ಆದರೆ ಗೆದ್ದ ಆರ್ಮಿಯ ಕೋಚ್ ಅರ್ಲ್ ಬ್ಲೇಕ್ ಆ ಉಪಾಯವನ್ನು ಮರೆಯಲಿಲ್ಲ; ತಾವೂ ಹಾಗೇ ಮಾಡಿದರು. ಖರ್ಚು ಹೆಚ್ಚಿತೆಂದು 1953ರಲ್ಲಿ ಈ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳಲಾಯಿತು, 1960ರ ದಶಕದ ನಡುವೆ ಪೂರ್ತಿಯಾಗಿ ಮರಳಿ ಕೊಡಲಾಯಿತು.

ದಾಳಿಯ ಹುಡುಗರು ಬೇರೆ, ರಕ್ಷಣೆಯವರು ಬೇರೆ, ಒದೆಯುವವರು ಬೇರೆ ಎಂದಾದ ಮೇಲೆ ಅವರಿಗೆ ಕಲಿಸುವವರೂ ಬೇರೆ ಬೇರೆ ಆಗಲೇಬೇಕಾಯಿತು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಒಬ್ಬ ಕೋಚ್, ಚೆಂಡು ಹಿಡಿಯುವವರಿಗೆ ಒಬ್ಬ, ಗೋಡೆಯಂತೆ ನಿಲ್ಲುವ ದಾಂಡಿಗರಿಗೆ ಮತ್ತೊಬ್ಬ. ಅವರ ಮೇಲೆ ದಾಳಿಗೊಬ್ಬ, ರಕ್ಷಣೆಗೊಬ್ಬ ಕೋಆರ್ಡಿನೇಟರ್. ಎಲ್ಲರ ಮೇಲೆ ಮುಖ್ಯ ಕೋಚ್. ಇಂದಿನ ಏಣಿಯ ಮೆಟ್ಟಿಲುಗಳೆಲ್ಲ ಹುಟ್ಟಿದ್ದು ಹೀಗೆ.

ಏಣಿಯ ಕೆಳಗಿನ ಮೆಟ್ಟಿಲಿನ ಹೆಸರು ಗ್ರಾಜುಯೇಟ್ ಅಸಿಸ್ಟೆಂಟ್, ಎಲ್ಲರ ಬಾಯಲ್ಲಿ ಜಿಎ. ಸೇಬನ್ ಕೆಂಟ್ ಸ್ಟೇಟ್‌ನಲ್ಲಿ ಹತ್ತಿದ್ದು ಇದನ್ನೇ. ಕಾಲೇಜು ಸ್ನಾತಕೋತ್ತರ ಓದಿನ ಖರ್ಚು ನೋಡಿಕೊಂಡು ಕೈಖರ್ಚಿಗೆ ಸ್ವಲ್ಪ ಕೊಡುತ್ತದೆ. ಬದಲಿಗೆ ಹಗಲು ರಾತ್ರಿಯೆನ್ನದೆ ದುಡಿಯಬೇಕು. ಮುಂದಿನ ಎದುರಾಳಿಯ ಆಟದ ವಿಡಿಯೊ ತುಂಡು ತುಂಡು ಮಾಡಿ, ಯಾವ ಸನ್ನಿವೇಶದಲ್ಲಿ ಅವರು ಏನು ಮಾಡುತ್ತಾರೆ ಎಂದು ಪಟ್ಟಿ ಹಾಕಬೇಕು. ಅಭ್ಯಾಸದಲ್ಲಿ ಎದುರಾಳಿಯ ಪಾತ್ರ ವಹಿಸುವ ಹುಡುಗರಿಗೆ ಕಾರ್ಡಿನ ಮೇಲೆ ಚಿತ್ರ ಬರೆದು ತೋರಿಸಬೇಕು. ಇದರ ನಡುವೆ ಸ್ವಂತ ತರಗತಿ, ಪರೀಕ್ಷೆ. ಬಾಯಿ ಮುಚ್ಚಿಕೊಂಡು ಹಿರಿಯರ ಸಭೆಗಳಲ್ಲಿ ಕೂರುವುದೇ ನಿಜವಾದ ಸಂಬಳ. ಕೋಚ್ ಆಗುವ ವಿದ್ಯೆ ಕೈಸೇರುವುದು ಆ ಕೋಣೆಗಳಲ್ಲೇ, ಹಿರಿಯ ದರ್ಜಿಯ ಮಗ್ಗುಲಲ್ಲಿ ಕೂತು ಕಾಜಾ ಹೊಲಿಯುವ ಹುಡುಗ ಕತ್ತರಿ ಹಿಡಿಯುವುದನ್ನು ಕಲಿತಂತೆ.

ಮುಂದಿನ ಮೆಟ್ಟಿಲು ಏರಿ ಪೂರ್ಣಾವಧಿ ಸಹಾಯಕನಾದರೆ ಇನ್ನೊಂದು ಹೊರೆ. ಊರೂರು ತಿರುಗಿ ಹೈಸ್ಕೂಲು ಹುಡುಗರನ್ನು ಹುಡುಕಿ, ಅವರ ಮನೆಯಲ್ಲಿ ಅಪ್ಪ ಅಮ್ಮನೆದುರು ಕೂತು ನಿಮ್ಮ ಮಗನನ್ನು ನಮ್ಮ ಕಾಲೇಜಿಗೆ ಕಳಿಸಿ ಎಂದು ಒಪ್ಪಿಸಬೇಕು. ನಾಲ್ಕು ವರ್ಷ ನಾನಿದ್ದೇನೆ, ನೋಡಿಕೊಳ್ಳುತ್ತೇನೆ ಎಂಬ ಮಾತನ್ನು ತಾಯಂದಿರು ನಂಬುತ್ತಾರೆ. ಆದರೆ ಆ ಕೋಚ್ ಮುಂದಿನ ವರ್ಷ ಅಲ್ಲಿರುತ್ತಾನೋ ಇಲ್ಲವೋ ಅವನಿಗೇ ಗೊತ್ತಿರುವುದಿಲ್ಲ. ಈ ಕಸುಬಿನಲ್ಲಿ ನನ್ನನ್ನು ತುಂಬ ಕಾಡುವುದು ಈ ಭಾಗ.

ಯಾಕೆಂದರೆ ಸಹಾಯಕನ ನೌಕರಿ ಮುಖ್ಯ ಕೋಚ್‌ನ ಹಣೆಬರಹಕ್ಕೆ ಕಟ್ಟಿದ್ದು. ಅವರನ್ನು ತೆಗೆದರೆ ಅವರ ಬಳಗವೂ ಹೊರಗೆ. 2000ದಲ್ಲಿ ಅಲಬಾಮ ತನ್ನ ಮುಖ್ಯ ಕೋಚ್ ಮೈಕ್ ಡುಬೋಸ್ ಅವರನ್ನು ತೆಗೆದಾಗ ಸಹಾಯಕರಾಗಿದ್ದ ಡಾಬೊ ಸ್ವಿನಿ ಕೂಡ ಕೆಲಸ ಕಳೆದುಕೊಂಡರು. ಎರಡು ವರ್ಷ ಅವರು ಮೈದಾನ ಬಿಟ್ಟು ವಾಣಿಜ್ಯ ಮಳಿಗೆಗಳ ರಿಯಲ್ ಎಸ್ಟೇಟ್ ವ್ಯವಹಾರ ಮಾಡಿದರು. 2003ರಲ್ಲಿ ಕ್ಲೆಮ್ಸನ್ ವಿಶ್ವವಿದ್ಯಾಲಯ ಅವರನ್ನು ಸಹಾಯಕರಾಗಿ ಕರೆಯಿತು. 2008ರ ಅಕ್ಟೋಬರಿನಲ್ಲಿ ಋತುವಿನ ನಡುವೆಯೇ ಮುಖ್ಯ ಕೋಚ್ ಸ್ಥಾನ ತೆರವಾದಾಗ ಹಂಗಾಮಿಯಾಗಿ ಕೂತರು. 2017ರ ಜನವರಿಯಲ್ಲಿ ರಾಷ್ಟ್ರೀಯ ಪ್ರಶಸ್ತಿಗಾಗಿ ಅವರು 35-31ರಿಂದ ಸೋಲಿಸಿದ್ದು ಸೇಬನ್ ಅವರ ಅಲಬಾಮವನ್ನೇ.

ಈ ಅಭದ್ರತೆ ಸಂಸಾರಗಳನ್ನು ಹಣ್ಣು ಮಾಡುತ್ತದೆ. ಮಕ್ಕಳ ಶಾಲೆ ಬದಲು, ಹೆಂಡತಿಯ ಉದ್ಯೋಗ ಬದಲು, ಮನೆ ಬದಲು. ಆದರೂ ಆಟದ ಜ್ಞಾನ ದೇಶದಲ್ಲೆಲ್ಲ ಹರಡಿದ್ದು ಇದೇ ಅಲೆದಾಟದಿಂದ ಎಂಬುದು ನನಗೆ ಖಚಿತವಾಗಿ ಕಾಣುತ್ತದೆ. ಮೈಕ್ ಲೀಚ್ ಅವರನ್ನೇ ನೋಡಿ. ಕಾಲೇಜು ತಂಡದಲ್ಲಿ ಆಡಿದವರಲ್ಲ, ಪೆಪ್ಪರ್‌ಡೈನ್‌ನಲ್ಲಿ ಕಾನೂನು ಓದಿದವರು. ವಕೀಲಿ ಮಾಡದೆ ಕೋಚಿಂಗ್ ಹಿಡಿದು, 1989ರಲ್ಲಿ ಫಿನ್‌ಲೆಂಡಿನ ಒಂದು ತಂಡವನ್ನೂ ನಡೆಸಿ, ಅದೇ ವರ್ಷ ಅಯೋವಾ ವೆಸ್ಲಿಯನ್ ಎಂಬ ಸಣ್ಣ ಕಾಲೇಜಿನಲ್ಲಿ ಹ್ಯಾಲ್ ಮಮ್ಮಿ ಅವರ ಸಹಾಯಕರಾದರು. ಮೈದಾನದ ಅಗಲವನ್ನೆಲ್ಲ ಬಳಸಿ ಚೆಂಡನ್ನು ಎಸೆಯುತ್ತಲೇ ಇರುವ ‘ಏರ್ ರೇಡ್’ ಎಂಬ ಶೈಲಿಯನ್ನು ಇಬ್ಬರೂ ಅಲ್ಲಿ ರೂಪಿಸತೊಡಗಿದರು. ಅದು ಅವರೊಂದಿಗೆ ವಾಲ್ಡೋಸ್ಟಾ ಸ್ಟೇಟ್‌ಗೆ, ಕೆಂಟಕಿಗೆ ಹೋಯಿತು. ಲೀಚ್ ಒಬ್ಬರೊಂದಿಗೆ ಒಕ್ಲಹೋಮಾಕ್ಕೆ, ಟೆಕ್ಸಸ್ ಟೆಕ್‌ಗೆ ಹೋಯಿತು. ಟೆಕ್ಸಸ್ ಟೆಕ್‌ನಲ್ಲಿ ಅವರ ಬಳಿ ಕಲಿತ ಲಿಂಕನ್ ರೈಲಿ, ಕ್ಲಿಫ್ ಕಿಂಗ್ಸ್‌ಬರಿ ಮುಂದೆ ತಾವೇ ಮುಖ್ಯ ಕೋಚ್‌ಗಳಾದರು. ಲೀಚ್ ಒಂದೇ ಊರಿನಲ್ಲಿ ಭದ್ರವಾಗಿ ಕೂತಿದ್ದರೆ ಆ ಶೈಲಿ ಅಯೋವಾದ ಗಡಿ ದಾಟುತ್ತಿತ್ತೇ?

ಏಣಿ ಎಲ್ಲರಿಗೂ ಒಂದೇ ಆಗಿರಲಿಲ್ಲ. ಸಿಲ್ವೆಸ್ಟರ್ ಕ್ರೂಮ್ ಅಲಬಾಮದಲ್ಲಿ ಬೇರ್ ಬ್ರೈಂಟ್ ಅವರ ತಂಡದ ಹೆಸರಾಂತ ಆಟಗಾರ, ಆಮೇಲೆ ಅಲ್ಲೇ ಸಹಾಯಕ, ಆಮೇಲೆ ವರ್ಷಗಟ್ಟಲೆ ವೃತ್ತಿಪರ ತಂಡಗಳಲ್ಲಿ ಸಹಾಯಕ. 2003ರಲ್ಲಿ ಅಲಬಾಮದ ಮುಖ್ಯ ಹುದ್ದೆ ತೆರವಾದಾಗ ಅದು ಅವರ ಕೈತಪ್ಪಿ, ವಯಸ್ಸಿನಲ್ಲಿ ಬಹಳ ಕಿರಿಯರಾದ ಮೈಕ್ ಶೂಲಾ ಅವರಿಗೆ ಹೋಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮಿಸಿಸಿಪಿ ಸ್ಟೇಟ್ ಕ್ರೂಮ್ ಅವರನ್ನು ಆರಿಸಿತು. ದಕ್ಷಿಣದ ಪ್ರತಿಷ್ಠಿತ ಎಸ್‌ಇಸಿ ಕೂಟದಲ್ಲಿ ಫುಟ್‌ಬಾಲ್ ತಂಡದ ಮುಖ್ಯ ಕೋಚ್ ಆದ ಮೊದಲ ಕಪ್ಪು ವ್ಯಕ್ತಿ ಅವರು. ಆ ಕೂಟ ಹುಟ್ಟಿ ಆಗ 70 ವರ್ಷ ಕಳೆದಿತ್ತು. ಮೈದಾನದಲ್ಲಿ ಕಪ್ಪು ಹುಡುಗರನ್ನು ಕಣ್ಣಿಗೊತ್ತಿಕೊಂಡ ಕಾಲೇಜುಗಳು ಅವರಿಗೆ ತಂಡದ ಚುಕ್ಕಾಣಿ ಕೊಡಲು ಇಷ್ಟು ತಡಮಾಡಿದ್ದಕ್ಕೆ ಯಾವ ಸಮಜಾಯಿಷಿಯೂ ನನಗೆ ಒಪ್ಪಿಗೆಯಾಗುವುದಿಲ್ಲ. 2025ರ ಜನವರಿಯಲ್ಲಿ ನೋಟ್ರೆ ಡೇಮ್‌ನ ಮಾರ್ಕಸ್ ಫ್ರೀಮನ್ ತಮ್ಮ ತಂಡವನ್ನು ರಾಷ್ಟ್ರೀಯ ಫೈನಲ್‌ಗೆ ಒಯ್ದರು. ಅಲ್ಲಿಗೆ ತಲುಪಿದ ಮೊದಲ ಕಪ್ಪು ಮುಖ್ಯ ಕೋಚ್ ಎನಿಸಿಕೊಂಡ ಅವರೂ ಜಿಎ ಆಗಿ ಆರಂಭಿಸಿ ಒಂದೊಂದೇ ಮೆಟ್ಟಿಲು ಹತ್ತಿ ಬಂದವರು.

ಇತ್ತೀಚೆಗೆ ಏಣಿಯ ಮೇಲ್ತುದಿಗೆ ದುಡ್ಡು ಸುರಿಯತೊಡಗಿದೆ. 2009ರಲ್ಲಿ ಟೆನೆಸೀ ವಿಶ್ವವಿದ್ಯಾಲಯದಲ್ಲಿ ಮುಖ್ಯ ಕೋಚ್ ಆಗಿದ್ದ ಮಗ ಲೇನ್ ಕಿಫಿನ್ ಅವರ ಕೈಕೆಳಗೆ ರಕ್ಷಣೆಯ ಹೊಣೆ ಹೊತ್ತ ತಂದೆ ಮಾಂಟಿ ಕಿಫಿನ್‌ಗೆ ವರ್ಷಕ್ಕೆ ಸುಮಾರು 12 ಲಕ್ಷ ಡಾಲರ್. 2018ರಲ್ಲಿ ಲೂಯಿಸಿಯಾನಾ ಸ್ಟೇಟ್ ಡೇವ್ ಅರಾಂಡಾ ಅವರನ್ನು ಉಳಿಸಿಕೊಳ್ಳಲು ವರ್ಷಕ್ಕೆ 25 ಲಕ್ಷ ಡಾಲರ್ ಕೊಟ್ಟಿತು. ಅದೇ ವರ್ಷದಿಂದ ಮೇಲ್ದರ್ಜೆಯ ತಂಡಗಳಿಗೆ ಒಂಬತ್ತರ ಬದಲು ಹತ್ತು ಸಹಾಯಕರನ್ನು ಇಟ್ಟುಕೊಳ್ಳಲು ಅನುಮತಿ ಸಿಕ್ಕಿತು. ಶ್ರೀಮಂತ ವಿಶ್ವವಿದ್ಯಾಲಯಗಳು ಅಷ್ಟಕ್ಕೆ ನಿಲ್ಲಲಿಲ್ಲ. ‘ಅನಲಿಸ್ಟ್’ ಎಂಬ ಹೆಸರಿನಲ್ಲಿ ಇನ್ನಷ್ಟು ಜನರನ್ನು ತುಂಬಿಕೊಂಡವು. ಅಭ್ಯಾಸದಲ್ಲಿ ಆಟಗಾರರಿಗೆ ಆಟ ಕಲಿಸಲು ಇವರಿಗೆ ಅನುಮತಿ ಇರಲಿಲ್ಲ. ಕೆಲಸ ಕಳೆದುಕೊಂಡ ದೊಡ್ಡ ಕೋಚ್‌ಗಳಿಗೂ ಇದು ತಂಗುದಾಣವಾಯಿತು: ಸದರ್ನ್ ಕ್ಯಾಲಿಫೋರ್ನಿಯಾದಿಂದ ಹೊರಬಿದ್ದ ಸ್ಟೀವ್ ಸಾರ್ಕಿಸಿಯನ್ 2016ರಲ್ಲಿ ಅಲಬಾಮದಲ್ಲಿ ಅನಲಿಸ್ಟ್ ಆಗಿದ್ದು, ಮುಂದೆ ಅಲ್ಲೇ ಕೋಆರ್ಡಿನೇಟರ್ ಆಗಿ, ಟೆಕ್ಸಸ್ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಆದರು.

2024ರ ಜೂನ್‌ನಲ್ಲಿ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ಈ ನಿರ್ಬಂಧವನ್ನು ಸಡಿಲಿಸಿ, ಸಿಬ್ಬಂದಿಯಲ್ಲಿ ಯಾರು ಬೇಕಾದರೂ ಆಟಗಾರರಿಗೆ ಹೇಳಿಕೊಡಬಹುದು ಎಂದಿತು. ವಿಡಿಯೊ ಕತ್ತರಿಸುತ್ತ ಕೂರುವ ಯುವಕರಿಗೆ ಇದು ಒಳ್ಳೆಯ ಸುದ್ದಿ. ಕಲಿಸುತ್ತ ಕಲಿಯುವಷ್ಟು ಬೇರೆ ದಾರಿಯಲ್ಲಿ ಕಲಿಯಲಾಗುವುದಿಲ್ಲ. ನನ್ನ ಆತಂಕ ಸಣ್ಣ ಕಾಲೇಜುಗಳ ಬಗ್ಗೆ. ಅಯೋವಾ ವೆಸ್ಲಿಯನ್ 2023ರಲ್ಲಿ ಬಾಗಿಲು ಹಾಕಿತು. ಉಳಿದಿರುವ ಸಣ್ಣ ಕಾಲೇಜುಗಳು ಸಂಬಳದಲ್ಲಿ ಅಲಬಾಮ, ಟೆಕ್ಸಸ್‌ಗಳ ಜೊತೆ ಪೈಪೋಟಿ ಮಾಡಲಾರವು. ತಾವಾಗಿ ಒಂದು ತಂಡ ಕಟ್ಟಿ, ತಪ್ಪಿ, ತಿದ್ದಿಕೊಳ್ಳುವ ಅವಕಾಶವೊಂದನ್ನೇ ಅವು ಯುವ ಕೋಚ್‌ಗಳಿಗೆ ಕೊಡಬಲ್ಲವು. ದೊಡ್ಡ ವಿಶ್ವವಿದ್ಯಾಲಯದ ಹವಾನಿಯಂತ್ರಿತ ಕೋಣೆಯಲ್ಲಿ ಇಪ್ಪತ್ತನೆಯ ಅನಲಿಸ್ಟ್ ಆಗಿ ಉಳಿಯುವುದೋ, ಹೆಸರಿಲ್ಲದ ಊರಿಗೆ ಹೋಗಿ ಹತ್ತಾರು ಹುಡುಗರ ಹೊಣೆ ಹೊರುವುದೋ ಎಂದು ಕೇಳಿದರೆ, ಎರಡನೆಯದನ್ನು ಆರಿಸಿಕೊಳ್ಳುವವರು ಇನ್ನೂ ಎಷ್ಟು ಕಾಲ ಸಿಗುತ್ತಾರೆ?