‘ಬೈ ಬಸ್’ ಬೇರೆ, ‘ಬೈ ಫ್ರೈಡೇ’ ಬೇರೆ

ನಮ್ಮಲ್ಲಿ ಓದಿ ಹೋದ ಹುಡುಗನೊಬ್ಬನಿಗೆ ಕಾಲೇಜೊಂದರಿಂದ ಇಂಗ್ಲಿಷಿನಲ್ಲಿ ಕಾಗದ ಬಂದಿತು. ಪ್ರಮಾಣಪತ್ರಗಳನ್ನು ‘ಬೈ ಫ್ರೈಡೇ’ ಒಪ್ಪಿಸಬೇಕೆಂದು ಅದರಲ್ಲಿತ್ತು. ‘ಬೈ’ ಎಂದರೆ ‘ಇಂದ’ ಎಂದು ಕಲಿತಿದ್ದ ಆತ, ‘ಶುಕ್ರವಾರದಿಂದ’ ಎಂದು ತಿಳಿದು ಸೋಮವಾರ ಹೋದನು. ಅಷ್ಟರಲ್ಲಿ ಸೀಟು ಬೇರೊಬ್ಬರ ಪಾಲಾಗಿತ್ತು. ‘ಬೈ ಫ್ರೈಡೇ’ ಎಂದರೆ ‘ಶುಕ್ರವಾರದೊಳಗೆ’. ಒಂದಕ್ಷರದ ಮಾತು ಒಂದು ವರ್ಷವನ್ನೇ ನುಂಗಿತು.

ಹೀಗೇಕಾಗುತ್ತದೆ? ಕನ್ನಡದಲ್ಲಿ ವಿಭಕ್ತಿ ಪ್ರತ್ಯಯವು ನಾಮಪದದ ಕೊನೆಗೆ ಸೇರುತ್ತದೆ. ನಮ್ಮ ಸುತ್ತ ಕೇಳಿಬರುವ ತಮಿಳು, ತೆಲುಗುಗಳಲ್ಲಿಯೂ ಹಾಗೆಯೇ. ಇಂಗ್ಲಿಷಿನಲ್ಲಾದರೋ ಪ್ರೆಪೊಸಿಷನ್ ನಾಮಪದಕ್ಕೆ ಮೊದಲೇ ನಿಲ್ಲುತ್ತದೆ. ಅಲ್ಲದೆ ಬಸ್ಸಿನಲ್ಲಿ, ಕಾರಿನಲ್ಲಿ, ಆಗಸ್ಟಿನಲ್ಲಿ ಎಂದು ನಾವು ಒಂದೇ ‘ಅಲ್ಲಿ’ಯಿಂದ ಹೇಳುವುದಕ್ಕೆ ಅಲ್ಲಿ ಬೇರೆ ಬೇರೆ ಪದಗಳಿವೆ.

ಮೊದಲು ಪ್ರಯಾಣವನ್ನು ನೋಡೋಣ. ಹೊಸೂರಿನಿಂದ ಕೃಷ್ಣಗಿರಿಗೆ ಬಸ್ಸಿನಲ್ಲಿ ಹೋದೆವು ಎನ್ನಲು ‘ಬೈ ಬಸ್’ ಸಾಕು. ನಡುವೆ ‘ಎ’ ಅಥವಾ ‘ದ’ ಬರಕೂಡದು. ಇಂಥದೇ ಬಸ್ಸು ಎಂದು ಗುರುತಿಸಿ ಹೇಳುವಾಗ ‘ಆನ್ ದಿ ಎಯ್ಟ್ ಓ ಕ್ಲಾಕ್ ಬಸ್’ ಎನ್ನಬೇಕು. ಎದ್ದು ಓಡಾಡಬಹುದಾದ ಬಸ್ಸು, ರೈಲುಗಳಿಗೂ, ಮೇಲೇರಿ ಕೂರುವ ಸೈಕಲ್ಲಿಗೂ ‘ಆನ್’. ಬಗ್ಗಿ ಒಳಗೆ ಕೂರುವ ಕಾರು, ಆಟೋಗಳಿಗೆ ‘ಇನ್’. ನಡೆದು ಬಂದವರು ‘ಆನ್ ಫುಟ್’ ಬಂದವರು.

ಇನ್ನು ಕಾಲ. ರಾಜಾಜಿಯವರು ಹುಟ್ಟಿದ್ದು ನಮ್ಮ ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ, 1878ರ ಡಿಸೆಂಬರ್ 10ರಂದು. ಇಸವಿಯನ್ನಷ್ಟೇ ಹೇಳಿದರೆ ‘ಇನ್ 1878’. ತಿಂಗಳಿಗೆ ‘ಇನ್ ಡಿಸೆಂಬರ್’. ತಾರೀಖು ಬಂದೊಡನೆ ‘ಆನ್’. ವಾರಕ್ಕೂ ‘ಆನ್ ಮಂಡೇ’. ಗಡಿಯಾರದ ಗಂಟೆಗೆ ‘ಅಟ್’. ದೊಡ್ಡ ಅವಧಿಗೆ ‘ಇನ್’, ದಿನಕ್ಕೆ ‘ಆನ್’, ಗಳಿಗೆಗೆ ‘ಅಟ್’ ಎಂದು ನೆನಪಿಡಿ. ‘ಇನ್ ದ ಮಾರ್ನಿಂಗ್’ ಎಂಬುದು ಸರಿ. ಆದರೆ ವಾರದ ಹೆಸರು ಸೇರಿದರೆ ‘ಆನ್ ಮಂಡೇ ಮಾರ್ನಿಂಗ್’. ರಾತ್ರಿಗೆ ಮಾತ್ರ ಸಾಮಾನ್ಯವಾಗಿ ‘ಅಟ್ ನೈಟ್’. ‘ಲಾಸ್ಟ್’, ‘ನೆಕ್ಸ್ಟ್’, ‘ಎವೆರಿ’ ಇರುವಲ್ಲಿ ಇವು ಯಾವುವೂ ಬೇಡ: ‘ನೆಕ್ಸ್ಟ್ ಮಂಡೇ’ ಎಂದರಾಯಿತು.

ನಮ್ಮ ‘ಇಂದ’ ಇನ್ನೊಂದು ಕಡೆಯೂ ಎಡವಿಸುತ್ತದೆ. ಮೂರು ವರ್ಷಗಳಿಂದ ಓದುತ್ತಿದ್ದೇನೆ ಎನ್ನುವಾಗ ಅನೇಕರು ‘ಸಿನ್ಸ್ ತ್ರೀ ಇಯರ್ಸ್’ ಎಂದು ಬರೆಯುತ್ತಾರೆ. ಅದು ತಪ್ಪು. ಎಷ್ಟು ಕಾಲ ಎಂಬುದಕ್ಕೆ ‘ಫಾರ್ ತ್ರೀ ಇಯರ್ಸ್’. ಯಾವಾಗಿನಿಂದ ಎಂಬುದಕ್ಕೆ ‘ಸಿನ್ಸ್ 2022’.

ಗಡುವಿನ ಕಾಗದಗಳಲ್ಲಿ ಮುಖ್ಯವಾಗಿ ಮೂರು ಮಾತುಗಳನ್ನು ಗಮನಿಸಬೇಕು: ‘ಬೈ’ ಎಂದರೆ ಒಳಗೆ, ‘ಟಿಲ್’ ಎಂದರೆ ತನಕ, ‘ಫ್ರಂ’ ಎಂದರೆ ಇಂದ.

ತಂದೆತಾಯಂದಿರಲ್ಲಿ ಒಂದು ವಿನಂತಿ. ತಮಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ. ಮನೆಗೆ ಇಂಥ ಕಾಗದ ಬಂದಾಗ ಮಗುವನ್ನು ಕೂರಿಸಿಕೊಂಡು, “ಶುಕ್ರವಾರದ ಒಳಗೋ, ಶುಕ್ರವಾರದ ತನಕವೋ, ಶುಕ್ರವಾರದಿಂದಲೋ?” ಎಂದು ಕೇಳಿರಿ. ಗೊತ್ತಿಲ್ಲವೆಂದರೆ ಆ ಕಾಗದವನ್ನು ಮರುದಿನವೇ ನಮ್ಮ ಬಳಿಗೆ ಕಳುಹಿಸಿರಿ.